ನೀರು ಹೊಕ್ಕ ಬೆಸುಗೆ

"ಸಾಹೇಬ್ರ, ನಮ್ಮ ಯಮನಪ್ಪನ ಬಾಯಿಗೆ ಬಂದ ತುತ್ತು ಯಾರೋ ಕಸಗೊಂಡಾರ್ರಿ. ನೀವು ಈಗಿಂದೀಗ ಏಳಬೇಕು!"

ಧಾರವಾಡದ ಮಾಳಮಡ್ಡಿಯ ಆ ಪಡಸಾಲೆಯಲ್ಲಿ ನಿಂತು ಇಷ್ಟು ಹೇಳಿ ಗೋವಿಂದಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಬೆಳಗಿನ ಗಾಡಿಗೆ ಹುಬ್ಬಳ್ಳಿ ಬಿಟ್ಟವನು ಚಹಾ ಕೂಡ ಕುಡಿದಿರಲಿಲ್ಲ. ಪತ್ತೇದಾರ ಸಿದ್ದಲಿಂಗಪ್ಪನವರು ಓದುತ್ತಿದ್ದ ಪೇಪರು ಮಡಚಿ ಬದಿಗಿಟ್ಟರು. ಮುಂಬಯಿ ಸರಕಾರದ ಕಾಲದಲ್ಲಿ ಸಿ.ಐ.ಡಿ. ಇನ್‌ಸ್ಪೆಕ್ಟರಾಗಿದ್ದು, ಕನ್ನಡ ನಾಡು ಒಂದಾದ ಮೇಲೆ ನಿವೃತ್ತಿ ಪಡೆದು ಊರಿಗೆ ಬಂದವರು ಅವರು. ಬಂದರೇನು, ಜನ ಸುಮ್ಮನೆ ಕೂಡ್ರಲು ಬಿಡಬೇಕಲ್ಲ! ಅವರು ಬಿಡಿಸಿದ ಒಗಟುಗಳಲ್ಲೆಲ್ಲ ಗೋವಿಂದಪ್ಪ ಬೆನ್ನಿಗೇ ಇರುತ್ತಿದ್ದ. ಇವತ್ತು ಮಾತ್ರ ಅವನೇ ಫಿರ್ಯಾದಿಯಾಗಿ ಬಂದಿದ್ದ.

"ಮೊದಲ ಕುಂಡ್ರು. ನೀರು ಕುಡಿ. ಆಮ್ಯಾಲ ಬುಡದಿಂದ ಹೇಳು," ಎಂದರು ಸಿದ್ದಲಿಂಗಪ್ಪನವರು.

ಗೋವಿಂದಪ್ಪ ಹುಬ್ಬಳ್ಳಿಯ ಹೊರಗೆ ಗಬ್ಬೂರಿನ ಹಾದಿಯಲ್ಲಿದ್ದ ಟೆಲಿಫೋನ್ ತರಬೇತಿ ಶಾಲೆಯಲ್ಲಿ ಉಗ್ರಾಣದ ಗುಮಾಸ್ತ. ಶಾಲೆಗೆ ನಮ್ಮ ಹುಡುಗರಷ್ಟೇ ಅಲ್ಲ, ನೇಪಾಳದಿಂದ, ಸಿಲೋನಿನಿಂದ, ಆಫ್ರಿಕಾದಲ್ಲಿ ಹೊಸದಾಗಿ ಸ್ವತಂತ್ರವಾದ ದೇಶಗಳಿಂದಲೂ ತರುಣರು ಕಲಿಯಲು ಬರುತ್ತಿದ್ದರು. ಆ ದೇಶಗಳಿಗೆ ತಂತಿ, ಯಂತ್ರ ಎಲ್ಲ ಹಡಗಿನಲ್ಲಿ ಬಂದು ಬೀಳುತ್ತಿದ್ದವು. ಕೂಡಿಸುವ ಕೈಗಳೇ ಇರಲಿಲ್ಲ. ಆ ವರ್ಷ, ಅಂದರೆ ೧೯೬೩ರಲ್ಲಿ, ಆಫ್ರಿಕಾದ ಟಾಂಗನಿಕಾ ದೇಶದವರು ತಮ್ಮ ಹುಡುಗರಿಗೆ ನೆಲದೊಳಗಿನ ಕೇಬಲ್ ಜೋಡಿಸುವುದನ್ನು ಕಲಿಸಲು ಒಬ್ಬ ಕಸುಬುದಾರನನ್ನು ಕಳಿಸಿರೆಂದು ಕೇಳಿದ್ದರು. ಹೋಗಿ ಬಂದವನೇ ಮುಂದೆ ಶಾಲೆಯ ಕೇಬಲ್ ವಿಭಾಗದ ಮುಖ್ಯಸ್ಥ. ಗೋವಿಂದಪ್ಪನ ಅಕ್ಕ ಗುಡ್ಡವ್ವನ ಮಗ ಯಮನಪ್ಪ ಇದಕ್ಕಾಗಿ ಇಟ್ಟ ಎಲ್ಲ ಪರೀಕ್ಷೆಗಳಲ್ಲೂ ಮೊದಲಿಗನಾಗಿದ್ದ. ಉಳಿದದ್ದು ಕೊನೆಯ ಬೆಸುಗೆ ಒಂದೇ.

ಕೇಬಲ್ಲಿನೊಳಗೆ ಕಾಗದ ಸುತ್ತಿದ ನೂರಾರು ಎಳೆಗಳಿರುತ್ತವೆ. ಒಂದು ಹನಿ ನೀರು ಹೊಕ್ಕರೆ ಇಡೀ ಪೇಟೆಯ ಫೋನು ಮೂಕಾಗುತ್ತದೆ. ಅದಕ್ಕೇ ಎಳೆಗಳನ್ನು ಜೋಡಿಸಿದ ಮೇಲೆ ಸೀಸದ ಕೊಳವೆ ಹೊದಿಸಿ, ಅದರ ಎರಡೂ ತುದಿಗೆ ತವರ ಸೀಸ ಬೆರೆಸಿ ಕರಗಿಸಿದ ಬೆಸುಗೆ ಸುರಿದು, ಬಿಸಿ ಇರುವಾಗಲೇ ದಪ್ಪ ಅರಿವೆಯಿಂದ ಒರೆಸಿ ಮುಚ್ಚಬೇಕು. ಶನಿವಾರ ಅಭ್ಯರ್ಥಿಗಳು ಬೆಸುಗೆ ಮಾಡಿಟ್ಟರು. ರವಿವಾರ ಪರೀಕ್ಷಕರು ಅವನ್ನು ನೀರಿನ ತೊಟ್ಟಿಗೆ ಹಾಕಿಸಿದರು. ಸೋಮವಾರ ಮೀಟರು ಹಚ್ಚಿ ನೋಡಿದರೆ ಉಳಿದವರದೆಲ್ಲ ಗಟ್ಟಿ, ಯಮನಪ್ಪನದು ಸತ್ತೇ ಬಿದ್ದಿತ್ತು. ನಡುವೆ ಕೊಯ್ದು ನೋಡಿದರೆ ಕಾಗದವೆಲ್ಲ ನೆನೆದು ಮುದ್ದೆ.

"ಇಂಥವನನ್ನ ಹೊರದೇಶಕ್ಕ ಕಳಿಸಿ ಮಾನ ಕಳಕೋಬೇಕೇನು ಅಂದ್ರು ಪರೀಕ್ಷಕರು. ಎರಡನೇ ನಂಬರಿನ ಸೋಮಪ್ಪ ಹೋಗ್ತಾನಂತ. ಇವತ್ತ ಸಂಜೀ ಗಾಡಿಗೆ ಪರೀಕ್ಷಕರು ಹೊಂಟ್ರ ಮುಗೀತ್ರಿ, ಯಮನಪ್ಪಗ ಸರ್ಟಿಫಿಕೇಟೂ ಇಲ್ಲ!"

"ನಿನ್ನ ಅಳಿಯನಽ ತಪ್ಪು ಮಾಡಿರಬಾರದ್ಯಾಕ?"

"ಶಾಂತಯ್ಯನವರು ಇಂಥಾ ಕೈ ಇನ್ನೊಂದು ಕಂಡಿಲ್ಲ ಅಂತಾರ್ರಿ. ಅವರಿಗಿಂತ ಬಲ್ಲವರು ಯಾರದಾರ?"

ಶಾಂತಯ್ಯನವರು ಶಾಲೆಯ ಹಿರಿಯ ಮಾಸ್ತರರು. ಅವರ ಹೆಸರು ಬಂದರೆ ಗೋವಿಂದಪ್ಪ ತನಗರಿವಿಲ್ಲದೆ ಕೈಜೋಡಿಸುತ್ತಿದ್ದ. ಅವನ ಕೇರಿಯ ಹೆಸರು ಕೇಳಿ ಉಳಿದ ಸಿಬ್ಬಂದಿ ಊಟದ ಸಾಲಿನಲ್ಲಿ ಜಾಗ ಬಿಟ್ಟು ಕೂತಿದ್ದ ದಿನ, ಎದ್ದು ಬಂದು ಪಕ್ಕಕ್ಕೆ ಕೂತವರು ಅವರು. ಅವನನ್ನು ನೌಕರಿಗೆ ಹಚ್ಚಿದವರೂ ಅವರೇ. ಯಮನಪ್ಪನನ್ನು ಕೈಹಿಡಿದು ತಿದ್ದಿದವರೂ ಅವರೇ.

"ನನ್ನ ಕಡೆ ಹೋಗಂತ ಅವರಽ ಹೇಳಿದರೇನು?"

"ಇಲ್ರಿ. ಹಣೇಬರಹ, ಸುಮ್ಮನಿರು, ಹುಡುಗನ ಮನಸ್ಸು ಮತ್ತ ಕೆಡಸಬ್ಯಾಡ ಅಂದ್ರು. ನನ್ನ ಜೀವ ತಡೀಲಿಲ್ಲ."

ಸಿದ್ದಲಿಂಗಪ್ಪನವರು ಕೋಟು ಹಾಕಿಕೊಂಡರು.

ಇಬ್ಬರೂ ಶಾಲೆ ಮುಟ್ಟಿದಾಗ ಊಟದ ಹೊತ್ತು. ಶಾಂತಯ್ಯನವರು ತಮ್ಮ ಕೋಣೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಶುಭ್ರ ಧೋತರ, ನಗುಮುಖ. ಅತಿಥಿಗಳನ್ನು ಕಂಡು ಎದ್ದೇಬಿಟ್ಟರು.

"ಬರ್ರಿ, ಬರ್ರಿ. ರೊಟ್ಟಿ, ಶೇಂಗಾ ಹಿಂಡಿ ಐತಿ, ಎರಡು ತುತ್ತು ತಗೋರಿ. ತುಪ್ಪ ಇಲ್ಲದ ಊಟಕ್ಕ ಕರದಾ ಅನಬ್ಯಾಡ್ರಿ, ವಾರಕ್ಕೊಮ್ಮೆ ಡಬ್ಬಿ ತುಂಬ ತಂದಿಡತೇನಿ, ಈ ಸಲ ಲಗೂನ ಬರಿದಾಗೇತಿ."

"ಊಟ ಇರಲಿ ಅಯ್ಯನವರ. ನೀವು ಬೆಸುಗಿ ಮಾಡೂದು ನೋಡಬೇಕಂತ ಭಾಳ ಆಸೆ."

"ಅಯ್ಯೋ, ನಾ ಒರಸೂ ಅರಿವಿ ಕೈಯಾಗ ಹಿಡದು ವರ್ಷಗಟ್ಟಲೆ ಆತ್ರಿ. ನಾ ಬಾಯಿಲೆ ಹೇಳ್ತೇನಿ, ಯಮನಪ್ಪ ಮಾಡಿ ತೋರಸ್ತಾನ. ಅವನ ಕೈ ಅಂದ್ರ ನನ್ನ ಕೈನಽ." ಅವರ ಕಣ್ಣಲ್ಲಿ ನೀರಾಡಿತು. "ಆ ಕೂಸಿಗೆ ಹಿಂಗಾಗಬಾರದಿತ್ತು."

ಗೋವಿಂದಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಕಾರ್ಯಶಾಲೆಯಲ್ಲಿ ಕಾವಲುಗಾರ ಬಾಬುಸಾಬ ಬೆಸುಗೆಯ ಎರಡು ತುಂಡನ್ನೂ ಮೇಜಿನ ಮೇಲೆ ತಂದಿಟ್ಟ. ಯಮನಪ್ಪ ಗೋಡೆಗೆ ಒರಗಿ ನಿಂತಿದ್ದ. ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲವಂತೆ. ಸಿದ್ದಲಿಂಗಪ್ಪನವರು ತುಂಡುಗಳ ಕೊಯ್ದ ಬಾಯಿ ಮುಚ್ಚಿಸಿ, ಬೆಸುಗೆಗೆ ಸಾಬಾನದ ನೊರೆ ಹಚ್ಚಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿಸಿದರು. ಎಡತುದಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಬಲತುದಿಯಲ್ಲಿ ಗುಳುಗುಳು ಎಂದು ಎದ್ದವು.

"ಹೊರಗ ನೋಡಿದ್ರ ಎರಡೂ ನುಣುಪು," ಎಂದು ಯಮನಪ್ಪ ಹತ್ತಿರ ಬಂದ. "ಬೆಸುಗಿ ಆರಿದ ಮ್ಯಾಲ ಒರಸಿದ್ರ ಒಳಗ ಹಿಂಗ ಸಣ್ಣ ತೂತು ಉಳೀತಾವ್ರಿ. ಆದರ ಆರಿದ್ದನ್ನ ಇಷ್ಟು ನುಣುಪಾಗಿ ಒರಸಾಕ ನನಗ ಬರೂದಿಲ್ಲ."

ಬೆಸುಗೆಯ ಎರಡೂ ತುದಿಯ ಅಂಚಿನಲ್ಲಿ ಜಿಡ್ಡು ಹೆಪ್ಪುಗಟ್ಟಿತ್ತು. ಸಿದ್ದಲಿಂಗಪ್ಪನವರು ಮೊದಲು ಎಡತುದಿಯದನ್ನು ಉಗುರಿನಿಂದ ಕೆರೆದು ಗೋವಿಂದಪ್ಪನ ಮೂಗಿಗೆ ಹಿಡಿದರು. "ಏನಿದು?"

"ಎಡಗಡೀದು ಕುರಿ ಕೊಬ್ಬು."

"ಕೊಬ್ಬು ಹಚ್ಚಲಿಲ್ಲಂದ್ರ ಸೀಸಕ್ಕ ಬೆಸುಗಿ ಹಿಡಿಯೂದಿಲ್ಲರಿ," ಎಂದ ಬಾಬುಸಾಬ. "ಅರಿವೀನೂ ಅದರಾಗಽ ಅದ್ದಬೇಕು. ಡಬ್ಬಿ ಯಾವಾಗಲೂ ಈ ಮೇಜಿನ ಮ್ಯಾಲಽ ಇರತೈತಿ."

ಬಲಗಡೆಯದನ್ನು ಮೂಸಿದ ಗೋವಿಂದಪ್ಪನ ಹುಬ್ಬು ಮೇಲೇರಿತು. ಬಣ್ಣ ಹಳದಿ, ಬೆರಳಲ್ಲಿ ತಿಕ್ಕಿದರೆ ಹರಳುಹರಳು. "ತುಪ್ಪರೀ! ಆಕಳ ತುಪ್ಪ!"

"ಶನಿವಾರ ಸಂಜಿ ಇಲ್ಲಿ ಯಾರಿದ್ರು?"

"ಯಾರೂ ಇಲ್ಲರಿ. ವಸತಿಗೃಹದಾಗ ಪರದೇಶದ ಹುಡುಗರು ಎಲ್ಲಾರಿಗೂ ಚಹಾ ಕೊಟ್ಟಿದ್ರು. ನಾ ಕೀಲಿ ಹಾಕಿ, ಕೀಲಿಕೈ ಆಫೀಸಿನ ಮೊಳೀಗೆ ಹಾಕಿ ಹೋದೆ. ಚಹಾದ ನಡುವ ಯಾರು ಎದ್ದು ಹೋದ್ರೋ, ಯಾರು ಬಂದ್ರೋ." ಬಾಬುಸಾಬ ದನಿ ತಗ್ಗಿಸಿದ. "ಆದರ ಸೋಮಪ್ಪನ ಹತ್ರ ತುಪ್ಪದ ಡಬ್ಬಿ ಐತ್ರಿ. ಅವನ ಊರು ಸುಳ್ಳದಿಂದ ಅವರವ್ವ ಕಳಿಸ್ಯಾಳ."

ಇಷ್ಟು ಸಾಕಾಯಿತು. ಗೋವಿಂದಪ್ಪ ಸಿಟ್ಟು ನೆತ್ತಿಗೇರಿ ಹೊರಗೋಡಿದ. ವಸತಿಗೃಹದ ಕಟ್ಟೆಯ ಮೇಲೆ ಕೂತಿದ್ದ ಸೋಮಪ್ಪನ ಕೊರಳಪಟ್ಟಿ ಹಿಡಿದು ಎಳೆದುಕೊಂಡೇ ಬಂದ.

"ಉಂಡ ಮನಿ ಜಂತಿ ಎಣಸ್ತಿಯೇನಲೇ? ಒಂದಽ ಗಂಗಾಳದಾಗ ಉಂಡವರಲ್ಲೇನು ನೀವಿಬ್ಬರೂ?"

"ದೇವರಾಣಿ ಕಾಕಾ, ನನಗೇನೂ ಗೊತ್ತಿಲ್ಲ!" ಎಂದು ಹುಡುಗ ಕೈಮುಗಿದ.

ಸಿದ್ದಲಿಂಗಪ್ಪನವರು ಕೈ ಬಿಡಿಸಿದರು. ಸೋಮಪ್ಪನದೇ ಬೆಸುಗೆಯನ್ನು ತರಿಸಿ ಮೂಸಿದರು. ಎರಡೂ ತುದಿಗೆ ಕೊಬ್ಬಿನದೇ ವಾಸನೆ.

"ನಿಮ್ಮದು ಲಿಂಗವಂತರ ಮನಿ. ಕೊಬ್ಬು ಮುಟ್ಟಾಕ ಹೇಸಿಕಿ ಬರೂದಿಲ್ಲೇನಪಾ?"

"ಮೊದಮೊದಲ ಬರತಿತ್ತರಿ. ಈಗ ರೂಢಿ ಆಗೇತಿ. ಕೆಲಸ ಮುಗದ ಮ್ಯಾಲ ಸಾಬಾನ ಹಚ್ಚಿ ತೊಳಕೊಳ್ತೇನಿ."

"ಶಾಣ್ಯಾ," ಎಂದರು ಸಿದ್ದಲಿಂಗಪ್ಪನವರು. ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರೂ ಅವರೂ ಕೂಡಿ ಮಾಸ್ತರರ ಕೋಣೆಗೆ ಹೋಗಿ ಬಂದದ್ದನ್ನು ಗೋವಿಂದಪ್ಪ ದೂರದಿಂದ ನೋಡಿದ. ಪ್ರಿನ್ಸಿಪಾಲರ ಕೈಯಲ್ಲಿ ಒಂದು ಗಂಟಿತ್ತು. ಅವರ ಮುಖ ಕಪ್ಪಿಟ್ಟಿತ್ತು.

ಸ್ವಲ್ಪ ಹೊತ್ತಿಗೆ ಕಾರ್ಯಶಾಲೆಯಲ್ಲಿ ಎಲ್ಲರೂ ಸೇರಿದರು. ಪ್ರಿನ್ಸಿಪಾಲರು, ಗಡಿಯಾರ ನೋಡಿಕೊಳ್ಳುತ್ತಿದ್ದ ಪರೀಕ್ಷಕರು, ಶಾಂತಯ್ಯನವರು, ಬಾಬುಸಾಬ, ಹುಡುಗರು. ಗೋವಿಂದಪ್ಪ ಶಾಂತಯ್ಯನವರಿಗೆ ಕುರ್ಚಿ ಹಾಕಿ ತಾನು ಹಿಂದೆ ನಿಂತ.

ಸಿದ್ದಲಿಂಗಪ್ಪನವರು ಶುರು ಮಾಡಿದರು. "ಈ ಬೆಸುಗಿ ಮಾಡಿದವರು ಒಬ್ಬರಲ್ಲ, ಇಬ್ಬರು. ಎಡತುದಿ ಯಮನಪ್ಪಂದು. ಕೊಬ್ಬು ಹಚ್ಚಿ ಮಾಡಿದ್ದು, ಗಾಳಿನೂ ಹೊಗೂದಿಲ್ಲ. ಬಲತುದೀನ್ನ ಶನಿವಾರ ಸಂಜಿ ಯಾರೋ ಬೆಂಕಿ ಉಗುಳೂ ಬೆಸುಗಿ ದೀಪ ಹಚ್ಚಿ ಕರಗಿಸಿ, ಬೇಕಂತಽ ಆರಿಸಿ ಆರಿಸಿ ಮತ್ತ ಒರಸ್ಯಾರ. ಮೊಳಿ ಬಡದು ತೂತು ಮಾಡಿದ್ರ ಪರೀಕ್ಷಕರ ಕಣ್ಣಿಗೆ ಬೀಳತಿತ್ತು. ಇದು ಹುಡುಗನ ಕಚ್ಚಾ ಕೈಯ ತಪ್ಪು ಅನಿಸಬೇಕಿತ್ತು. ಆದರ ಅವರು ಹಚ್ಚಿದ್ದು ತುಪ್ಪ."

"ತುಪ್ಪ ಸೋಮಪ್ಪನ ಹತ್ತಿರ ಇದೆಯಂತಲ್ಲ!" ಎಂದರು ಪರೀಕ್ಷಕರು.

"ಐತ್ರಿ. ನನ್ನ ಪ್ರಶ್ನೆ ಬ್ಯಾರೆ. ಕದ್ದು ಕೆಲಸ ಮಾಡಾಕ ಬಂದವ, ಕೊಬ್ಬಿನ ಡಬ್ಬಿ ಕೈಯಳತ್ಯಾಗಽ ಇರಬೇಕಾದರ ತುಪ್ಪ ಯಾಕ ಹುಡುಕಿದ? ದಿನಾ ಕೊಬ್ಬಿನಾಗ ಕೈ ಅದ್ದೂ ಸೋಮಪ್ಪಗ ಅದರ ಗರಜೇನಿತ್ತು? ಏನಾದರೂ ಆಗಲಿ, ಕೊಬ್ಬು ಮಾತ್ರ ಮುಟ್ಟೂದಿಲ್ಲ ಅನ್ನೂ ಮನುಷ್ಯಾನಽ ತುಪ್ಪ ತಂದಾನ. ಅವಗ ಆರಿದ ಬೆಸುಗೀನ್ನೂ ನುಣುಪಾಗಿ ಒರಸೂ ಕೈ ಐತಿ. ಆ ಕೈ ಹುಡುಗರದಲ್ಲ."

ಅವರು ಮೇಜಿನ ಮೇಲಿಂದ ಕೊಬ್ಬಿನಲ್ಲಿ ಅದ್ದಿದ ಅರಿವೆಯೊಂದನ್ನು ಎತ್ತಿ ಶಾಂತಯ್ಯನವರ ಮುಂದೆ ಹಿಡಿದರು. "ಅಯ್ಯನವರ, ಒಮ್ಮೆ ಒರಸಿ ತೋರಸ್ರಿ."

ಶಾಂತಯ್ಯನವರು ಕುರ್ಚಿಸಮೇತ ಹಿಂದೆ ಸರಿದರು. "ಛೇ! ನನಗ... ನಾ ಅದನ್ನ ಮುಟ್ಟೂದಿಲ್ಲ."

"ಮುಟ್ಟೂದಿಲ್ಲ ಅಂತ ಗೊತ್ತು. ನಿಮ್ಮದಽ ಬ್ಯಾರೆ ಅರಿವಿ ಐತಿ." ಪ್ರಿನ್ಸಿಪಾಲರು ತಂದಿದ್ದ ಗಂಟನ್ನು ಸಿದ್ದಲಿಂಗಪ್ಪನವರು ಬಿಚ್ಚಿದರು. ಹಳೆಯ, ದಪ್ಪ, ತುಪ್ಪ ಕುಡಿದು ಮೆತ್ತಗಾದ ಅರಿವೆ. "ನಿಮ್ಮ ಮೇಜಿನ ಖಾನೆಯೊಳಗ, ಆ ಬರಿದಾದ ತುಪ್ಪದ ಡಬ್ಬಿ ಮಗ್ಗಲಽ ಸಿಕ್ತು. ವರ್ಷಗಟ್ಟಲೆ ಮುಟ್ಟಿಲ್ಲ ಅಂದ್ರಿ. ಇದಕ್ಕ ಹತ್ತಿದ ಬೆಸುಗಿ ಕಾಳು ನೋಡ್ರಿ, ಹೊಸಾ ಬೆಳ್ಳಿ ಹೊಳದಂಗ ಹೊಳೀತಾವ. ಹಳೇವಾಗಿದ್ರ ಮಬ್ಬಾಗಿರತಿದ್ದವು."

"ಸುಟ್ಟು ಹಾಕಬಹುದಿತ್ತಲ್ಲ?" ಪ್ರಿನ್ಸಿಪಾಲರು ಗೊಣಗಿದರು.

"ಕೈಗೆ ಕೂತ ಅರಿವಿ ಯಾರೂ ಸುಡೂದಿಲ್ಲರಿ," ಎಂದ ಯಮನಪ್ಪ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. "ಒಂದು ಅರಿವಿ ಪಳಗಾಕ ವರ್ಷಾನುಗಟ್ಟಲೆ ಬೇಕು. ಹಂಗಂತ ಗುರುಗಳಽ ಕಲಿಸ್ಯಾರ."

ಗೋವಿಂದಪ್ಪ ಕುರ್ಚಿಯ ಹಿಂದಿನಿಂದ ಮುಂದೆ ಬಂದ. "ಅಯ್ಯನವರ, ಇಲ್ಲ ಅನ್ರಿ. ನೀವು ಇಲ್ಲ ಅಂದ್ರ ನಾ ಸಾಹೇಬರನ್ನೂ ನಂಬೂದಿಲ್ಲ. ಅನ್ರಿ!"

ಶಾಂತಯ್ಯನವರು ಇಲ್ಲ ಅನ್ನಲಿಲ್ಲ. ತಲೆ ಎತ್ತಿದಾಗ ಅವರ ಮುಖದಲ್ಲಿ ಗೋವಿಂದಪ್ಪ ಎಂದೂ ಕಾಣದ ಬಿರುಸಿತ್ತು.

"ಹೌದು, ಮಾಡಿದೆ. ಟಾಂಗನಿಕಾಕ್ಕ ನಾ ಹೋಗತೇನಂತ ಕೇಳಿದ್ರ ವಯಸ್ಸಾತಂದ್ರು. ನುಂಗಿಕೊಂಡೆ. ಇವ ಹೋಗಲಿ, ಬರಲಿ, ನನ್ನ ಶಿಷ್ಯಾ ಅಂದೆ. ಆದರ ಬಂದ ಮ್ಯಾಲ ಇವಗಽ ಮುಖ್ಯಸ್ಥನ ಕುರ್ಚಿ ಅಂದ್ರು. ಇವನ ಮುಂದ ನಾ ಕೈಕಟ್ಟಿ ನಿಂದ್ರಬೇಕ? ಇವನ ಮುಂದ? ಪಕ್ಕಕ್ಕ ಕುಂಡ್ರಿಸಿಕೊಂಡೆ, ಅದು ಬ್ಯಾರೆ. ಮ್ಯಾಲ ಕುಂಡ್ರಿಸಾಕ ನನ್ನಿಂದ ಆಗಲಿಲ್ಲ."

ಇಷ್ಟು ವರ್ಷ ಕೈಮುಗಿದದ್ದು ಯಾರಿಗೆ ಎಂದು ಗೋವಿಂದಪ್ಪನಿಗೆ ತಿಳಿಯದಾಯಿತು. ವೈರಿ ಹೊಡೆದಿದ್ದರೆ ತಾಳಿಕೊಳ್ಳಬಹುದಿತ್ತು.

ಪರೀಕ್ಷಕರು ಕನ್ನಡಕ ತೆಗೆದು, ತಮ್ಮ ಹಿಂದಿನ ತೀರ್ಪು ರದ್ದಾಯಿತೆಂದೂ ಯಮನಪ್ಪನೇ ಹೋಗತಕ್ಕದ್ದೆಂದೂ ಹೇಳಿದರು. ಶಾಂತಯ್ಯನವರ ವಿಷಯ ಇಲಾಖೆಗೆ ಹೋಗುವುದೆಂದರು. ಸೋಮಪ್ಪ ಗೆಳೆಯನನ್ನು ತಬ್ಬಿಕೊಂಡ. ಗೋವಿಂದಪ್ಪ ಸೋಮಪ್ಪನ ಹತ್ತಿರ ಹೋಗಿ, "ತಪ್ಪಾತು ಮಗನ," ಎಂದ.

ಆಗ ಶಾಂತಯ್ಯನವರು ಕರೆದರು. ಬಿರುಸು ಇಳಿದು ದನಿ ಮುದುಕನದಾಗಿತ್ತು. "ಗೋವಿಂದಪ್ಪಾ, ನೀನರ ನನ್ನ ಪರವಾಗಿ ಒಂದು ಮಾತು ಹೇಳೋ. ನಿನ್ನ ನೌಕರಿಗೆ ಹಚ್ಚಿದವ ನಾ."

"ಖರೇ ಐತ್ರಿ. ಅದಕ್ಕಽ ಎಲ್ಲಾರ ಮ್ಯಾಲೂ ಸಂಶಯ ಪಟ್ಟೆ. ಈ ಹುಡುಗನ ಕೊರಳಪಟ್ಟಿ ಹಿಡದೆ. ನಿಮ್ಮ ಕಡೆ ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಇನ್ನೇನು ಹೇಳ್ಲಿ?"

ಅವನು ಅಳಿಯನ ರಟ್ಟೆ ಹಿಡಿದು ಬಾಗಿಲ ಕಡೆ ಹೊರಟ. ಹುಡುಗ ಕೈ ಬಿಡಿಸಿಕೊಂಡು ಹಿಂದಿರುಗಿ ಗುರುಗಳ ಎದುರು ನಿಂತ. ಮೊದಲಿನಂತೆ ಕಾಲಿಗೆ ಬೀಳಲಿಲ್ಲ. ಕೂಗಲೂ ಇಲ್ಲ.

"ಗುರುಗಳ, ಹೋಗಬ್ಯಾಡ ತಮ್ಮಾ, ನನಗ ತಡಕೊಳ್ಳಾಕ ಆಗವಲ್ದು ಅಂತ ನನ್ನ ಮುಂದ ಅಂದಿದ್ರ ಸಾಕಿತ್ತು. ನಾನಽ ಬಿಡತಿದ್ದೆ."

ಶಾಂತಯ್ಯನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ ಗೊತ್ತಿತ್ತು.