ಹಿಂಡು ಸೇರದ ಟಗರು

ಹೆಣ್ಣು ಕೇಳಲು ಬಂದವನ ಮುಖವನ್ನು ಇಟ್ಟೊ ನೋಡಲಿಲ್ಲ. ಅವನು ತಂದ ಟಗರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಅದು ಆಗಷ್ಟೇ ಉದುರಿಸಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದಳು.

ಟಗರಿನ ಕೊಂಬಿಗೆ ಗೋರಂಟಿ ಹಚ್ಚಿದ್ದರು, ಕೊರಳಿಗೆ ಹಸಿರು ರೇಷ್ಮೆ. ತಾದ್ಲಾ ಬಯಲಿನಿಂದ ಅಟ್ಲಾಸ್ ಬೆಟ್ಟದ ಈ ಹಳ್ಳಿಯವರೆಗೂ ಜೀಲಾಲಿ ಅದನ್ನು ಟ್ರಕ್ಕಿನಲ್ಲಿ ಮಗುವಿನಂತೆ ತಬ್ಬಿಕೊಂಡೇ ಬಂದಿದ್ದ.

"ನೋಡಿದ್ಯೇನೋ ಮಗನೇ," ಎಂದರು ಅವನ ತಾಯಿ ಫಾತ್ನಾ. "ನಿನಗಿಂತ ಹಿಕ್ಕೆನೇ ಚೆಂದ ಕಾಣ್ತಿದೆ ನಿನ್ನ ಹುಡುಗಿಗೆ!"

ಜೀಲಾಲಿ ನಕ್ಕ. ಇಟ್ಟೊ ನಗಲಿಲ್ಲ. ಕಡ್ಡಿಯ ತುದಿಯಲ್ಲಿ ಚಪ್ಪಟೆಯಾದ ಕಂದು ಬೀಜವೊಂದು ಅಂಟಿತ್ತು.

ಬಯಲಿನ ಜನ ಹಳದಿ ಮುಳ್ಳು ಎನ್ನುವ ಕಳೆಯ ಬೀಜ ಅದು. ಬೆಳ್ಳಿಬಣ್ಣದ ಎಲೆ, ನೇರಳೆ ಹೂ, ಗೋಲಿಯಂಥ ಹಳದಿ ಕಾಯಿ. ಹೊಲಕ್ಕೆ ಕಾಲಿಟ್ಟರೆ ಬೆಳೆಯನ್ನೆಲ್ಲ ನುಂಗುತ್ತದೆ, ಬೇರಿನ ತುಂಡಿನಿಂದಲೂ ಚಿಗುರುತ್ತದೆ. ಅದು ಇನ್ನೂ ಎಲ್ಲೆಲ್ಲಿಗೆ ಹಬ್ಬೀತು ಎಂದು ಅಂದಾಜು ಮಾಡುವುದೇ ಇಟ್ಟೊಳ ಕೆಲಸ. ಆ ಕೆಲಸವೇ ಅವಳನ್ನು ಜೀಲಾಲಿಯ ಹೊಲಕ್ಕೆ ಕರೆದೊಯ್ದದ್ದು. ಬೇರು ಎಷ್ಟು ಆಳಕ್ಕಿದೆ ಎಂದು ಅಗೆಯುತ್ತಾ ಅಗೆಯುತ್ತಾ ಇಬ್ಬರೂ ಎದೆಮಟ್ಟದ ಒಂದೇ ಗುಂಡಿಗೆ ಇಳಿದಿದ್ದರು. ಆ ಬೇಸಿಗೆಯ ಕೊನೆಗೆ ಅವಳಿಗೆ ಎರಡು ಸಂಗತಿ ಖಚಿತವಾಗಿದ್ದವು. ಅವನಿಲ್ಲದೆ ಆಗದು ಎಂಬುದು ಒಂದು. ಬೆಟ್ಟದ ಮಣ್ಣೂ ಆ ಕಳೆಗೆ ಒಗ್ಗುತ್ತದೆ, ಬಂದರೆ ಕುರಿಯ ಹೊಟ್ಟೆಯಲ್ಲೇ ಬರುತ್ತದೆ ಎಂಬುದು ಇನ್ನೊಂದು.

"ಅಪ್ಪಾ, ಟಗರನ್ನ ಒಳಗೆ ಬಿಡಬೇಡಿ," ಎಂದಳು.

ಗಂಡಿನ ಕಡೆಯ ಟಗರನ್ನು ಅದೇ ದಿನ ಹೆಣ್ಣಿನ ಮನೆಯ ಹಿಂಡಿಗೆ ಸೇರಿಸುವುದು ಆ ಊರಿನ ವಾಡಿಕೆ. ಸೇರಿಸಿದರೆ ಒಪ್ಪಿಗೆ, ಹೊರಗೆ ನಿಲ್ಲಿಸಿದರೆ ಸಂಬಂಧ ಬೇಡವೆಂದೇ ಅರ್ಥ.

ಫಾತ್ನಾ ಶಾಲು ಕೊಡವಿ ಎದ್ದರು. "ನಡೆಯೋ. ನಮ್ಮ ಟಗರೇ ಆಗದು ಅಂದಮೇಲೆ ನಾವ್ಯಾವ ಲೆಕ್ಕ?"

ಆ ಒಂದು ಮಾತು ನುಂಗಿಕೊಂಡಿದ್ದರೆ ಅವನು ಇಟ್ಟೊಳವನಾಗುತ್ತಿದ್ದ. ಆದರೆ ಗೋಡೆಯಾಚೆ ಊರವರೆಲ್ಲರ ಬಾರ್ಲಿ, ಎಲ್ಲ ಹಿಂಡುಗಳೂ ಮೇಯುವ ಒಂದೇ ಹುಲ್ಲುಗಾವಲು. ಅವಳು ಮೊದಲ ಸಲ ಕಣ್ಣೆತ್ತಿ ಅವನನ್ನು ನೋಡಿದಳು.

"ಏನು ತಿನ್ನಿಸಿದೆ ಇದಕ್ಕೆ?"

ಅವನ ಕಿವಿಗಳು ಕೆಂಪಾದವು. "ಬಾರ್ಲಿನೇ... ಇನ್ನೊಂಚೂರು ಮೈ ತುಂಬ್ಲಿ ಅಂತ ಕಾಲುವೆ ಬದಿಗೆ ಕಟ್ಟಿದ್ದೆ."

"ಆ ಕಾಯಿ ಇರೋ ಕಡೆ?"

"ನಿನ್ನೇ ನೆನೆಸ್ಕೊಂಡು ಕಟ್ಟಿದ್ದು. ಕಾಯಿ ಎಲ್ಲಿ ಕಾಣುತ್ತೆ?"

ಅವಳು ಬಿಗಿಹಿಡಿದಿದ್ದ ತುಟಿ ಅಂಚಿನಲ್ಲಿ ಸಡಿಲವಾಯಿತು.

ಜೀಲಾಲಿ ಅವಳ ತಂದೆ ಬಾಸ್ಸುವಿನ ಕಡೆ ತಿರುಗಿದ. "ಮಾವಾ, ಊರಾಚೆ ಕಲ್ಲಿನ ದೊಡ್ಡಿ ಇದ್ಯಲ್ಲ, ಇದರ ಹೊಟ್ಟೆ ಖಾಲಿಯಾಗೋವರೆಗೂ ಟಗರೂ ಅಲ್ಲೇ, ನಾನೂ ಅಲ್ಲೇ. ಹಿಕ್ಕೆಯೆಲ್ಲ ಗುಡಿಸಿ ಸುಡ್ತೀನಿ. ಅಲ್ಲೀವರೆಗೂ ನೀವು ಹೂಂ ಅನ್ನಬೇಡಿ, ಉಹೂಂನೂ ಅನ್ನಬೇಡಿ."

ಬಾಸ್ಸು ಗಡ್ಡ ನೀವಿಕೊಂಡರು. "ಇನ್ನೂ ಮಾವ ಆಗಿಲ್ಲ ಕಣಯ್ಯಾ. ಹೋಗು, ಮೊದಲು ಗುಡಿಸು."

ಅವನು ಗುಡಿಸಿದ, ಸುಟ್ಟ, ಐದು ಹೊತ್ತಿನ ನಮಾಜನ್ನು ಅಲ್ಲೇ ಮಾಡಿದ. ಇಟ್ಟೊ ಬೆಳಗಾದರೆ ರೊಟ್ಟಿ, ಪುದೀನ ಟೀ ತರುವಳು.

"ಟಗರನ್ನ ನೋಡೋಕೆ ಬಂದೆ."

"ಟಗರು ಆರಾಮವಾಗಿದೆ. ನನ್ನನ್ನ ಕೇಳು."

ಹಿಕ್ಕೆಯಲ್ಲಿ ಬೀಜ ಕಾಣುವುದು ನಿಂತ ಮೇಲೆ, ಮುನಿಸಿಕೊಂಡು ಹೋಗಿದ್ದ ಫಾತ್ನಾ ತಾವಾಗಿಯೇ ಬಂದರು. ದೊಡ್ಡಿಯ ಕಲ್ಲಿನ ಮೇಲೆ ಕೂತು ಇಟ್ಟೊಳ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ಬಯಲಿಗೆ ಆ ಗಿಡ ಹೊಸದಾಗಿ ಬಂದಾಗ, ಎಂಥ ಹೂವಪ್ಪಾ ಅಂತ ಬಾಗಿಲ ಮುಂದೆ ನೆಟ್ಟು ನೀರು ಹಾಕಿದೋಳು ನಾನು, ಮಗಳೇ. ಬೇಡ ಅನ್ನೋಕೆ ನಮ್ಮೂರಲ್ಲಿ ಒಬ್ಬರೂ ಇರಲಿಲ್ಲ. ದೇವರು ಈ ಊರಿಗೆ ನಿನ್ನನ್ನ ಕೊಟ್ಟಿದ್ದಾನೆ. ನಮ್ಮನೆಗೂ ಕೊಡು ಅಂತ ಅವನನ್ನೇ ಕೇಳ್ಕೊಂಡು ಬಂದೆ."

ಇಟ್ಟೊ ಆ ಒರಟು ಬೆರಳುಗಳಿಗೆ ಮುತ್ತಿಟ್ಟಳು. ತಂದೆಯ ಮುಖ ನೋಡಿದಳು, ಬಾಸ್ಸು ತಲೆಯಾಡಿಸಿದರು. ಅವಳೇ ಹಗ್ಗ ಹಿಡಿದು ಟಗರನ್ನು ಹಿಂಡಿನವರೆಗೂ ನಡೆಸಿ ಬಿಟ್ಟಳು.

ಬೂದಿ ಮೆತ್ತಿದ ಮುಖದ ಜೀಲಾಲಿ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಹಾಗಾದ್ರೆ ಹೂಂ ಅಂದೆ?"

"ಟಗರಿಗೆ ಅಂದೆ. ನಿನಗೆ ಯಾವತ್ತೋ ಅಂದಾಗಿತ್ತು. ನೀನೇ ಕೇಳಿಸ್ಕೊಳ್ಳಲಿಲ್ಲ."

ಹುಲ್ಲುಗಾವಲಿನ ಮೇಲೆ ಬಿಸಿಲು ಏರುತ್ತಿತ್ತು. ಇಟ್ಟೊ ಅಂಗೈ ಬಿಚ್ಚಿ ಹಿಡಿದಳು. ಬೇಡುವುದಕ್ಕೆ ಅವಳಲ್ಲಿ ಏನೂ ಉಳಿದಿರಲಿಲ್ಲ, ದೇವರಿಗೆ ಶುಕ್ರಿಯಾ ಹೇಳುವುದೊಂದೇ ಇತ್ತು.