ರೋಲ್‌ಪ್ಲೇಯಲ್ಲಿ ಆಡಿದ ಮಾತು

ದಯಾನಂದ ಹೇಳಿದ್ದು ನಟನೆಯೋ ನಿಜವೋ? ಇದೊಂದು ಗೊತ್ತಾಗದೆ ಮೀನಾಕ್ಷಿಯ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಚಿತ್ರದುರ್ಗದ ಕಾಲೇಜೊಂದರಲ್ಲಿ ಆಕೆ ಕೌನ್ಸೆಲಿಂಗ್ ಸೈಕಾಲಜಿ ಪ್ರೊಫೆಸರ್. ಗಂಡಸರು ಮನಸ್ಸಿನ ಮಾತನ್ನು ಯಾಕೆ ನುಂಗಿಕೊಳ್ಳುತ್ತಾರೆ ಎಂಬುದೇ ಅವಳ ಸಂಶೋಧನೆ. ಜವನಗೊಂಡನಹಳ್ಳಿ ಕಡೆ ಹೋಗಿ, ಹೆಂಡತಿ ಮಕ್ಕಳ ಮುಂದೂ ಬಾಯಿ ಬಿಡದ ಕುರಿಗಾಹಿ ಮುದುಕರನ್ನು ಮಾತಾಡಿಸಿ ಬಂದವಳು. ಅಂಥವಳಿಗೆ ಪಕ್ಕದ ರೂಮಿನ ಹಿಸ್ಟರಿ ಮೇಷ್ಟ್ರು ದಯಾನಂದ ಅರ್ಥವಾಗಲಿಲ್ಲವೆಂದರೆ ಏನು ಹೇಳೋಣ!

ಆಗಿದ್ದಿಷ್ಟು. ಕ್ಲಾಸಿನಲ್ಲಿ ರೋಲ್‌ಪ್ಲೇ ಇತ್ತು. ಒಬ್ಬರು ಕಷ್ಟ ಹೇಳಿಕೊಳ್ಳಲು ಬಂದವರಂತೆ ನಟಿಸಬೇಕು, ಮೀನಾಕ್ಷಿ ಅವರಿಗೆ ಕೌನ್ಸೆಲಿಂಗ್ ಮಾಡಿ ತೋರಿಸಬೇಕು. ವಿದ್ಯಾರ್ಥಿಗಳೆಲ್ಲ ನಾಚಿ ಹಿಂದೆ ಸರಿದರು. ಕಾರಿಡಾರಿನಲ್ಲಿ ಹೋಗುತ್ತಿದ್ದ ದಯಾನಂದನನ್ನೇ ಒಳಗೆ ಎಳೆತಂದರು. ಕೂತವನು ಮೊದಲು ನಕ್ಕ. ಆಮೇಲೆ ಅವಳ ಕಣ್ಣನ್ನೇ ನೋಡುತ್ತಾ ಹೇಳಿದ.

"ಒಬ್ಬರನ್ನ ಇಷ್ಟಪಟ್ಟೀನಿ ಮೇಡಂ. ದಿನಾ ಜತೆಗೆ ಟೀ ಕುಡೀತೀವಿ. ಹೇಳಾಕೆ ಧೈರ್ಯ ಸಾಲ್ತಿಲ್ಲ."

ಮೀನಾಕ್ಷಿ ಪಾಠದ ಪ್ರಕಾರವೇ ನಡೆದುಕೊಂಡಳು. ಮೆಲ್ಲಗೆ ತಲೆಯಾಡಿಸಿ, ಹೇಳಲು ಭಯವಾಗುತ್ತಿದೆ ಅಲ್ಲವೇ ಎಂದು ಅವನ ಮಾತನ್ನೇ ಅವನಿಗೆ ತಿರುಗಿಸಿದಳು. ಕ್ಲಾಸು ಚಪ್ಪಾಳೆ ತಟ್ಟಿತು. ಅವನ ಕಿವಿ ಕೆಂಪಾಗಿದ್ದನ್ನು ಕಂಡವಳು ಅವಳೊಬ್ಬಳೇ.

ಅವನು ದಿನಾ ಟೀ ಕುಡಿಯುತ್ತಿದ್ದದ್ದು ಅವಳ ಜತೆ. ಹಾಳಾದ್ದು, ಅದೇ ಟೇಬಲ್ಲಿಗೆ ಲೈಬ್ರರಿಯ ಕೀರ್ತನಾಳೂ ಬರುತ್ತಿದ್ದಳಲ್ಲ! ಕೇಳಿಬಿಡೋಣವೆಂದರೆ ಅವಳೇ ಮಾಡಿದ ಕಟ್ಟಳೆ ಅಡ್ಡ ಬಂತು. ರೋಲ್‌ಪ್ಲೇಯಲ್ಲಿ ಆಡಿದ ಮಾತನ್ನು ಹೊರಗೆ ಯಾರೂ ಎತ್ತಬಾರದು. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅವನು ಟೀಗೆ ಬರುವುದನ್ನೇ ಬಿಟ್ಟ. ಭಯವೋ, ಕೋಪವೋ, ಆಟ ಮುಗಿಯಿತೆಂದೋ? ಒಂದೂ ತಿಳಿಯಲಿಲ್ಲ.

ಶನಿವಾರ ಕೀರ್ತನಾಳೇ ಸುದ್ದಿ ತಂದಳು. ನಾಳೆ ದಯಾನಂದ ಸರ್ ಹೊಸದುರ್ಗಕ್ಕೆ ಹೆಣ್ಣು ನೋಡಲು ಹೋಗುತ್ತಾರಂತೆ, ಅವರಕ್ಕ ಜಯಕ್ಕ ಎಲ್ಲ ಗೊತ್ತು ಮಾಡಿದ್ದಾರಂತೆ. ಅವನು ತನಗೆ ಬೇಕು, ಬೇಕೇ ಬೇಕು ಎಂದು ಮೀನಾಕ್ಷಿಗೆ ಗೊತ್ತಾದದ್ದೇ ಆಗ.

ಆ ಸಂಜೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನ ಊರು ರಾಮಗಿರಿಯ ಬಸ್ಸಿಗೆ ಕಾಯುತ್ತಿದ್ದ. ಅವಳು ಏದುಸಿರು ಬಿಡುತ್ತಾ ಎದುರಿಗೆ ಹೋಗಿ ನಿಂತಳು.

"ಕ್ಲಾಸಿನ ಮಾತು ಹೊರಗೆ ಕೇಳಬಾರ್ದು ಸರ್. ಆದ್ರೂ ಕೇಳ್ತೀನಿ. ಅವತ್ತು ಹೇಳಿದ್ದು ಯಾರ ಬಗ್ಗೆ?"

ಅವನು ಬ್ಯಾಗಿನ ಪಟ್ಟಿಯನ್ನು ತಿರುಚುತ್ತಾ ನಿಂತ.

"ನಿಮ್ಮ ಬಗ್ಗೇನೇ ರೀ. ಭಯ ಆಗ್ತೈತಾ ಅಂತ ಕೇಳಿ ಸುಮ್ಕಾದ್ರಿ. ಒಪ್ಪಿಗೆ ಇಲ್ಲ ಅಂತ ತಿಳ್ಕಂಡೆ."

"ನಮ್ಮ ಕೆಲಸದಾಗೆ ಯಾರಿಗೂ ಹಿಂಗ್ ಮಾಡ್ರಿ ಅಂತ ಹೇಳೋ ಹಂಗಿಲ್ಲ. ಇವತ್ತು ಹೇಳ್ತೀನಿ," ಎಂದಳು. "ಹೊಸದುರ್ಗಕ್ಕೆ ಹೋಗಬ್ಯಾಡ್ರಿ."

ಅವನು ಅವಳನ್ನೇ ನೋಡುತ್ತಾ ಫೋನ್ ತೆಗೆದು ಅಕ್ಕನಿಗೆ ಹಚ್ಚಿದ. ನಾಳೆ ಬರುವುದಿಲ್ಲ ಎಂದ. ಆ ಕಡೆಯಿಂದ ಬೈಗುಳ ಶುರುವಾದಾಗ ಫೋನನ್ನು ಮೆಲ್ಲಗೆ ಅವಳತ್ತ ಚಾಚಿದ.

ಮೀನಾಕ್ಷಿ ಸೆರಗು ಸರಿಮಾಡಿಕೊಂಡು ಅದನ್ನು ತೆಗೆದುಕೊಂಡಳು.

"ಅಕ್ಕಾ, ನಾನು ಮೀನಾಕ್ಷಿ," ಎಂದಳು. "ನಾಳೆ ನಮ್ಮನೆಗೆ ಬರ್ರಿ."