ಮಂಡಿಗೆ ಮದ್ದಿರುವ ಹೊಟೆಲು

“ಓದೋಕೆ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳ್ಬೇಕು, ಭುವನ್ ಅವರೇ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದು ನಿಮ್ಮಿಷ್ಟ. ಆದ್ರೆ ನಿಮ್ಮ ಪಾಂಡಿತ್ಯಾನ ನಮ್ಮಮ್ಮನ ಮಂಡಿ ಮೇಲೆ ಪ್ರಯೋಗ ಮಾಡ್ಬೇಡಿ.”

ಇಂಚರ ಇದನ್ನು ಕಿವಿಯಲ್ಲಿ ಹೇಳಲಿಲ್ಲ. ಈಪೋ ಊರಿನ ಆ ಹೊಟೆಲಿನ ಲಾಬಿಯಲ್ಲಿ, ಕೌಲಾಲಂಪುರದಿಂದ ಒಂದೇ ವ್ಯಾನಿನಲ್ಲಿ ಬಂದಿಳಿದ ಅಷ್ಟೂ ಕನ್ನಡದವರ ಮುಂದೆ, ಬ್ಯಾಗುಗಳ ಗುಡ್ಡೆಯ ಪಕ್ಕ ನಿಂತು ಗಟ್ಟಿಯಾಗಿ ಹೇಳಿದಳು.

ರಿಸೆಪ್ಶನ್ನಿನ ಚೀನೀ ಆಂಟಿ ಆಗಷ್ಟೇ ಗುಟ್ಟು ಬಿಡಿಸಿದ್ದಳು. ಗೋಡೆಯ ಬೋರ್ಡಿನ ಮೇಲೆ ‘ಮಂಡಿ ಹರ್ಬಾ’ ಅಂತ ಕೊಬ್ಬಿದ ಅಕ್ಷರದಲ್ಲಿ ಬರೆದಿತ್ತಲ್ಲ, ಅದು ಮಂಡಿನೋವಿಗೆ ಹಚ್ಚುವ ಗಿಡಮೂಲಿಕೆ ಅಲ್ಲವೇ ಅಲ್ಲ. ಮಲಯ್ ಭಾಷೆಯಲ್ಲಿ ಮಂಡಿ ಅಂದರೆ ಸ್ನಾನ.

“ನೀ? ನೋ ನೀ, ಲಾ!” ಅಂತ ಆಂಟಿ ತನ್ನ ಮೊಣಕಾಲನ್ನು ತಾನೇ ತಟ್ಟಿಕೊಂಡು ನಕ್ಕಿದ್ದಳು. “ಮಂಡಿ, ಬಾತ್! ಹಾಟ್ ವಾಟರ್, ಯು ಸಿಟ್, ಫಿನಿಶ್!”

“ಬಿಸಿನೀರು ಹುಯ್ಕೊಳ್ಳೋಕೆ ಇಷ್ಟು ದೂರ ಬರ್ಬೇಕಿತ್ತೇನಯ್ಯಾ?” ಅಂದರು ಅನಂತಕೃಷ್ಣ. ಪುತ್ರಜಯಾದಲ್ಲಿ ಕೆಲಸ, ಗುಂಪಿಗೆಲ್ಲ ಹಿರಿಯರು, ಯಾರಾದರೂ ಜಾರಿ ಬಿದ್ದರೆ ಮೊದಲ ನಗು ಅವರದೇ. “ನಮ್ಮನೇಲಿ ಗೀಸರ್ ಇದೆ ಕಣೋ.”

“ಎಂತ ಮಾರಾಯ ನೀನು,” ಅಂದ ಮಂಗಳೂರಿನ ಜೆರೋಮ್, ಪಾಪ ಅನ್ನುವ ದನಿಯಲ್ಲಿ. “ಒಂದು ಸಲ ಯಾರ ಹತ್ರ ಆದ್ರೂ ಕೇಳ್ಬಹುದಿತ್ತಲ್ಲ.”

“ಊರೇ ಮೈಸೂರಿನ ಮಂಡಿ ಮೊಹಲ್ಲಾ ಅಲ್ವಾ ಅವರದ್ದು,” ಅಂತ ಇಂಚರ ಇನ್ನೊಂದು ಏಟು ಹಾಕಿದಳು. “ಅವರಿಗೆ ಎಲ್ಲಾ ಕಡೆ ಮಂಡೀನೇ ಕಾಣುತ್ತೆ.”

ಎಲ್ಲರೂ ನಕ್ಕರು. ಭುವನ್‌ನ ಕಿವಿ ಕೆಂಪಾಯಿತು.

ಅವನ ಬಾಯಿ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸಿಗೆಲ್ಲ ಗೊತ್ತಿದ್ದ ಬಾಯಿ. ತಾನು ಕೆಲಸಕ್ಕಿದ್ದ ಹೂವಿನಂಗಡಿಯಲ್ಲಿ ನಿಂತು, ಮಲ್ಲಿಗೆ ಹಿಸುಕಿ ನೋಡಿದವರಿಗೆ ಬೈದು, ದಾರಿಗಡ್ಡ ಕಾರು ನಿಲ್ಲಿಸಿದವರಿಗೆ ಬೈದು, ಒಮ್ಮೆ ತನ್ನ ಓನರನಿಗೇ ಬೈದು ಮರುದಿನ ಏನೂ ಆಗದವನಂತೆ ಕೆಲಸಕ್ಕೆ ಹೋದ ಆಸಾಮಿ. ಒಂದು ಮಾತಿಗೆ ಎರಡು ಮಾತು ತಿರುಗಿಸಿ ಕೊಡದಿದ್ದರೆ ಅವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ. ಈಗಲೂ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು.

ಆಗ ಇಂಚರಳ ಹೆಗಲಾಚೆ ಅವಳ ತಾಯಿ ಜಲಜಮ್ಮನ ಮುಖ ಕಂಡಿತು. ಸೋಫಾದ ಅಂಚಿನಲ್ಲಿ ಕೂತು, ಪರ್ಸನ್ನು ಎದೆಗವಚಿಕೊಂಡು, ಬೇಡ ಅಂತ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

“ತಪ್ಪಾಯ್ತು,” ಅಂದ ಭುವನ್.

ಅನಂತಕೃಷ್ಣರ ನಗು ಅರ್ಧಕ್ಕೇ ನಿಂತಿತು. ಭುವನ್ ತಪ್ಪಾಯ್ತು ಅಂದದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಸ್ಕೂಲು ಬಿಟ್ಟದ್ದನ್ನು ಎತ್ತಿ ಆಡಿದ್ದು ಅವನಿಗೆ ಅಷ್ಟು ಚುಚ್ಚಲಿಲ್ಲ. ಚುಚ್ಚಿದ್ದು ಆ ‘ಅವರೇ’.

ಯಾಕೆಂದರೆ ‘ನೀವು’ ದಾಟಿ ‘ನೀನು’ ತಲುಪುವುದಕ್ಕೆ ಅವರಿಬ್ಬರಿಗೆ ಒಂದು ಮಳೆಗಾಲ ಹಿಡಿದಿತ್ತು. ಇಂಚರ ಬಾಂಗ್ಸಾರಿನ ಆಫೀಸು ಮುಗಿಸಿ ಪ್ರತಿ ಶುಕ್ರವಾರ ಅಂಗಡಿಗೆ ಬರುತ್ತಿದ್ದಳು. “ಓನರ್ ಕೈ ಗಿಡ್ಡ, ನೀವೇ ಅಳೀರಿ,” ಅನ್ನುತ್ತಿದ್ದಳು. ಅವನು ತನ್ನ ಉದ್ದನೆಯ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಎಳೆದು, ಮೊಳ ಮುಗಿದ ಮೇಲೂ ಕತ್ತರಿಯನ್ನು ಒಂದಿಷ್ಟು ಮುಂದೆ ಓಡಿಸುತ್ತಿದ್ದ. ಅವಳು ಆ ಹೆಚ್ಚುವರಿ ಹೂವನ್ನು ನೋಡಿಯೂ ನೋಡದವಳಂತೆ ಛಾವಣಿಯ ಫ್ಯಾನು ನೋಡುತ್ತಿದ್ದಳು. ಒಂದು ಶುಕ್ರವಾರ ಅವನು ಬೇಕೆಂದೇ ಮೊಳಕ್ಕೆ ಸರಿಯಾಗಿ ಕತ್ತರಿಸಿದ.

“ಏ, ಇವತ್ತು ಮೋಸ ಮಾಡಿದೆ ನೀನು!” ಅಂದುಬಿಟ್ಟಳು. ಅಂದವಳು ನಾಲಿಗೆ ಕಚ್ಚಿಕೊಂಡಳು. ಅವನು ಇಡೀ ಮಾರು ಹೂವನ್ನು ಕೈಗೆ ಸುರಿದ. ಅಲ್ಲಿಂದ ‘ನೀನು’ ಅನ್ನುವುದು ಅವರಿಬ್ಬರ ಸ್ವಂತ ಆಸ್ತಿಯಾಗಿತ್ತು. ಮಿಕ್ಕ ಮಾತನ್ನು ಈ ಪ್ರವಾಸದಲ್ಲಿ ಹೇಳಿಯೇ ಬಿಡಬೇಕು ಅಂತ ಅವನು ಹೊಸ ಶರ್ಟು ಕೂಡ ಹೊಲಿಸಿಕೊಂಡು ಬಂದಿದ್ದ. ಈಗ ನೋಡಿದರೆ, ಅವರೇ!

ಪ್ರವಾಸದ ಮಾತೆದ್ದಾಗ ಮೊದಲು ಎಲ್ಲರೂ ಕುಣಿದದ್ದು ಚೀನಾಕ್ಕೆ ಹೋಗೋಣವೆಂದು. ಅಲ್ಲಿ ಕಡಿಮೆ ರೇಟಿಗೆ ಸ್ಪಾ ಇರುವ ಹೊಟೆಲುಗಳಿವೆ, ರೂಮಿಗೇ ಬಂದು ಕಾಲು ಒತ್ತುತ್ತಾರೆ ಅಂತ ಅನಂತಕೃಷ್ಣ ಯಾವುದೋ ವಿಡಿಯೋ ನೋಡಿಕೊಂಡು ಬಂದಿದ್ದರು. ಒಬ್ಬರಿಗೆ ರಜೆ ಇಲ್ಲ, ಇನ್ನೊಬ್ಬರ ಪಾಸ್‌ಪೋರ್ಟು ರಿನ್ಯೂ ಆಗಿಲ್ಲ. ಚೀನಾ ಕರಗಿತು. ಆಗ ಭುವನ್, “ಚೀನಾದವರೇ ನಡೆಸೋ ಹೊಟೆಲು ಈಪೋದಲ್ಲೇ ಇದೆಯಲ್ಲ. ಬಿಸಿನೀರಿನ ಬುಗ್ಗೆ, ಸ್ಪಾ, ಬೆಳಗಿನ ತಿಂಡಿ, ಎಲ್ಲಾ ನಮ್ಮ ಕೈಗೆಟುಕೋ ಹಾಗಿದೆ,” ಅಂತ ಫೋನಿನಲ್ಲಿ ಫೋಟೋ ತೋರಿಸಿದ್ದ.

ಆ ಫೋಟೋದಲ್ಲಿದ್ದ ಬೋರ್ಡನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದವರು ಜಲಜಮ್ಮ. “ನೋಡಪ್ಪಾ, ಮಂಡಿ ಅಂತಾನೇ ಬರ್ದಿದ್ದಾರೆ! ಹರ್ಬಾ ಅಂದ್ರೆ ಗಿಡಮೂಲಿಕೆ. ನನಗಾಗೇ ಮಾಡಿದ ಹಾಗಿದೆ ಕಣೋ. ಮಲಯ್ ನಮ್ ಭಾಷೆ ಥರಾನೇ ಇದೆ, ನಾನು ಓದ್ಬಿಟ್ಟೆ ನೋಡು!”

ಭುವನ್‌ಗೆ ಗೊತ್ತಿತ್ತು. ಅವನ ರೂಮಿನ ಮಲಯ್ ಹುಡುಗರು ದಿನಾ ಬೆಳಗ್ಗೆ ಬಾತ್‌ರೂಮಿನ ಬಾಗಿಲು ಬಡಿಯುತ್ತ ಮಂಡಿ ಮಂಡಿ ಅಂತಲೇ ಅರಚುತ್ತಿದ್ದರು. ಆದರೆ ಆ ಹೆಂಗಸಿನ ಮುಖದಲ್ಲಿ ಹತ್ತಿದ ದೀಪವನ್ನು ಊದಿ ಆರಿಸಲು ಅವನಿಗೆ ಬಾಯಿ ಬರಲಿಲ್ಲ. ಬಿಸಿನೀರು ಮಂಡಿಗೆ ಒಳ್ಳೆಯದೇ ತಾನೆ ಅಂತ ಸಮಾಧಾನ ಮಾಡಿಕೊಂಡ. ಜಲಜಮ್ಮ ಮನೆಗೆ ಹೋಗಿ, ತಾನು ಓದಿದೆ ಅಂದರೆ ಮಗಳು ನಂಬುವುದಿಲ್ಲವೆಂದು, “ಭುವನ್ ಹೇಳ್ದ, ಅಲ್ಲಿ ಮಂಡಿಗೆ ಔಷಧಿ ಕೊಡ್ತಾರಂತೆ,” ಅಂದುಬಿಟ್ಟಿದ್ದರು.

ಸಂಜೆ ಹೊಟೆಲಿನ ಹಿಂಬದಿಯ ಅಂಗಳದಲ್ಲಿ ಮರದ ತೊಟ್ಟಿಗಳನ್ನು ಸಾಲಾಗಿಟ್ಟು, ಬಿಸಿನೀರು ತುಂಬಿ, ಲಾವಂಚದಂಥ ಏನೇನೋ ಬೇರು ಹಾಕಿದ್ದರು. ಎದುರಿಗೇ ಬಿಳೀ ಸುಣ್ಣದಕಲ್ಲಿನ ಬೆಟ್ಟ. ಜಲಜಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಾಲಿಳಿಬಿಟ್ಟು ಕೂತಿದ್ದರು. ಪಕ್ಕದ ತೊಟ್ಟಿಗೆ ಭುವನ್ ಬಂದು ಕೂತ.

“ನನ್ನಿಂದಾಗಿ ಬೈಸ್ಕೊಂಡ್ಯಲ್ಲಪ್ಪಾ,” ಅಂದರು ಜಲಜಮ್ಮ ಮೆಲ್ಲಗೆ.

“ಹೇಳ್ಬಿಡ್ಲಾ ಅಮ್ಮಾ? ನಂಗೆ ಹೊಟ್ಟೆ ಉರೀತಿದೆ.”

“ಬೇಡ ಕಣೋ. ಅಂಗಡೀಲಿ, ಟ್ರೇನಲ್ಲಿ, ಎಲ್ಲಿ ಹೋದ್ರೂ ‘ಅಮ್ಮಾ ನೀನು ಸುಮ್ನಿರು, ನಿಂಗೊತ್ತಾಗಲ್ಲ’ ಅಂತಾಳೆ. ಇದೊಂದು ಗೊತ್ತಾದ್ರೆ ನಾನು ಈ ದೇಶದಲ್ಲಿ ಇನ್ನು ಬಾಯಿ ಬಿಡೋ ಹಾಗೇ ಇಲ್ಲ.”

ಭುವನ್ ನೀರನ್ನು ಕಾಲಿನಿಂದ ಒದ್ದ. ಅಷ್ಟರಲ್ಲಿ ಇಂಚರ ಪ್ಯಾಂಟು ಮಡಚಿಕೊಂಡು ಬಂದಳು. ಜಲಜಮ್ಮ ಸಾಕು ಸಾಕು ಅನ್ನುತ್ತ ಕಾಲು ಒರೆಸಿಕೊಂಡು ಎದ್ದುಹೋದರು. ಇಂಚರ ಅಮ್ಮ ಬಿಟ್ಟ ಜಾಗದಲ್ಲಿ ಕೂರಲಿಲ್ಲ. ಒಂದು ತೊಟ್ಟಿ ಬಿಟ್ಟು ಅದರಾಚೆಗೆ ಕೂತಳು. ಖಾಲಿ ತೊಟ್ಟಿ ನಡುವೆ ಗಡಿಯಂತೆ ಹಬೆಯಾಡುತ್ತಿತ್ತು.

ಅವಳು ಅವನ ಹೊಸ ಶರ್ಟನ್ನು ಓರೆಗಣ್ಣಲ್ಲಿ ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿದ. ಅವಳು ತಕ್ಷಣ ಬೆಟ್ಟ ನೋಡಿದಳು.

“ಚೆನ್ನಾಗಿದೆ,” ಅಂದಳು.

“ಶರ್ಟಾ?”

“ಬೆಟ್ಟ.”

ಅವನಿಗೆ ನಗು ಬಂತು, ತಡೆದುಕೊಂಡ. ಅವಳಿಗೂ ಬಂತು, ತುಟಿಯ ಒಂದು ಮೂಲೆಯಲ್ಲಿ ಇಣುಕಿ ಒಳಗೆ ಹೋಯಿತು.

“ನೋಡಿ,” ಅಂದಳು ಆಮೇಲೆ, ನೀರಿನಲ್ಲಿ ಬೆರಳಾಡಿಸುತ್ತ. “ಎಲ್ಲರ ಮುಂದೆ ಹಾಗನ್ನಬಾರದಿತ್ತು. ಓದಿಲ್ಲ ಅನ್ನೋದಕ್ಕೆ ನಂಗೇನೂ ಬೇಜಾರಿಲ್ಲ, ದೇವ್ರಾಣೆ. ಗೊತ್ತಿಲ್ದೇ ಇರೋದನ್ನ ಗೊತ್ತು ಅಂತ ಹೇಳಿದ್ರಲ್ಲ, ಅದೂ ನೋವು ತಿನ್ನೋ ಹೆಂಗಸಿಗೆ. ಅದು ನನಗೆ ನುಂಗೋಕಾಗ್ತಿಲ್ಲ. ಹೀಗೆ ದೊಡ್ಡಸ್ತಿಕೆಗೆ ಸುಳ್ಳು ಹೇಳೋರ ಜೊತೆ...” ಮಾತು ನಿಲ್ಲಿಸಿದಳು. “ಜೀವನಪೂರ್ತಿ ಅನುಮಾನ ಪಡ್ತಾ ಇರೋಕಾಗುತ್ತಾ?”

ಜೀವನಪೂರ್ತಿ! ಅವನು ಹೇಳಬೇಕೆಂದು ಶರ್ಟು ಹೊಲಿಸಿಕೊಂಡು ಬಂದ ಮಾತನ್ನು ಅವಳೇ ಆಡಿದ್ದಳು, ಆದರೆ ತಲೆಕೆಳಗಾಗಿ. ಒಂದು ಹೆಸರು ಹೇಳಿದರೆ ಸಾಕು, ಆ ಖಾಲಿ ತೊಟ್ಟಿಗೆ ಅವಳೇ ಎದ್ದು ಬರುತ್ತಾಳೆ. ಹೇಳಿದರೆ ಆ ಕಡೆ ಒಂದು ಜೀವ ಬಾಯಿ ಮುಚ್ಚಿಕೊಳ್ಳುತ್ತದೆ. ಭುವನ್‌ಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ಗೊತ್ತಾಗಲಿಲ್ಲ.

“ನೀವು ಅನುಮಾನ ಪಡ್ಬೇಡಿ,” ಅಂದ. “ನಾನು ಹೇಳಿದ್ದು ಸುಳ್ಳೇ. ಆಯ್ತಾ?”

ಅವಳ ಮುಖ ಸಪ್ಪಗಾಯಿತು. ಅವನು ಬೇರೇನೋ ಹೇಳಲಿ ಅಂತ ಅವಳು ಕಾದದ್ದು ಅವನಿಗೂ ತಿಳಿಯಿತು. ಬೇರುಗಳ ಘಮದ ನಡುವೆ ಇಬ್ಬರೂ ಕಾಲಾಡಿಸುತ್ತ ಕೂತರು, ನೀರು ಆರುವವರೆಗೆ.

ಬೆಳಗ್ಗೆ ತಿಂಡಿಯ ಕೋಣೆಯಲ್ಲಿ ಒಂದೇ ಗಲಾಟೆ. ಟೋಸ್ಟು, ಹುರಿದ ನೂಡಲ್ಸು, ಕೊನೆಯಲ್ಲಿ ಸಾಲಾಗಿ ಫ್ಲಾಸ್ಕುಗಳು. ಭುವನ್ ಮೂಲೆಯ ಟೇಬಲ್ಲಿನಲ್ಲಿ ಒಬ್ಬನೇ ಕೂತು ಮೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಜಲಜಮ್ಮನ ಕೂಗು ಸೂರಿಗೆ ತಾಗಿತು.

“ಅಯ್ಯಯ್ಯೋ! ಇಂಚೂ, ಮುಟ್ಬೇಡ ಕಣೇ! ಮಾನ ಮರ್ಯಾದೆ ಇಲ್ವಾ ಇವ್ರಿಗೆ? ಸುಸು ಅಂತ ಬರ್ದು, ಪಾತ್ರೆಗೆ ತುಂಬಿ, ಟೇಬಲ್ ಮೇಲೆ ಇಟ್ಟಿದ್ದಾರಲ್ಲೇ!”

ಇಡೀ ಕೋಣೆ ತಿರುಗಿ ನೋಡಿತು. ಫ್ಲಾಸ್ಕಿನ ಚೀಟಿಯ ಮೇಲೆ ನಿಜಕ್ಕೂ ಹಾಗೇ ಇತ್ತು: ಸುಸು ಪನಾಸ್. ಜೆರೋಮ್‌ನ ಲೋಟ ಬಾಯಿಯ ಹತ್ತಿರ ನಿಂತುಹೋಯಿತು.

“ಆಂಟೀ, ನಾನು ಆಗ್ಲೇ ಎರಡು ಗ್ಲಾಸು ಕುಡ್ದಾಯ್ತು.”

ಅನಂತಕೃಷ್ಣ ತಮ್ಮ ಕಾಫಿಯನ್ನು ಮೆಲ್ಲಗೆ ಕೆಳಗಿಟ್ಟರು. ಭುವನ್ ಕುರ್ಚಿ ಹಿಂದಕ್ಕೆ ತಳ್ಳಿ ಓಡಿಬಂದ.

“ಅಮ್ಮಾ, ಅಮ್ಮಾ, ಹಾಲು ಅದು! ಇಲ್ಲಿ ಹಾಲಿಗೆ ಸುಸು ಅಂತಾರೆ. ಪನಾಸ್ ಅಂದ್ರೆ ಬಿಸಿ. ಬಿಸಿಹಾಲು, ಅಷ್ಟೇ!”

ಹೇಳಿದ ಮೇಲೆ ಅವನಿಗೆ ತಾನು ಸಿಕ್ಕಿಬಿದ್ದದ್ದು ಹೊಳೆಯಿತು.

ಇಂಚರ ತಟ್ಟೆ ಹಿಡಿದು ನಿಂತಿದ್ದಳು. ಅಮ್ಮನನ್ನು ನೋಡಿದಳು, ಫ್ಲಾಸ್ಕು ನೋಡಿದಳು, ಅವನನ್ನು ನೋಡಿದಳು. “ನಿಮಗೆ ಸುಸು ಗೊತ್ತು. ಪನಾಸ್ ಗೊತ್ತು,” ಅಂದಳು ನಿಧಾನವಾಗಿ. “ಮಂಡಿ ಒಂದು ಗೊತ್ತಿರ್ಲಿಲ್ವಾ?”

ಭುವನ್ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದ.

“ಅಮ್ಮಾ, ಆ ಬೋರ್ಡು ಓದಿದ್ದು ಯಾರು?”

ಜಲಜಮ್ಮ ಸೆರಗಿನ ಅಂಚು ಹಿಂಡಿದರು. “ನಾನೇ ಕಣೇ. ನೀನು ನಗ್ತೀಯ ಅಂತ ಅವನ ಹೆಸ್ರು ಹೇಳ್ದೆ. ಅವನು ಬಾಯಿ ಬಿಡ್ಲಿಲ್ಲ, ಪುಣ್ಯಾತ್ಮ.” ಒಂದು ಕ್ಷಣ ತಡೆದು, ಸ್ವಲ್ಪ ಜಂಬದಿಂದ ಸೇರಿಸಿದರು: “ಆದ್ರೂ ನಿನ್ನೆಯಿಂದ ನೋವು ಕಮ್ಮಿಯಾಗಿದೆ, ಬೇಕಾದ್ರೆ ನಡೆದು ತೋರಿಸ್ತೀನಿ.”

ಜೆರೋಮ್ ಮೊದಲು ನಕ್ಕ. ಆಮೇಲೆ ಎಲ್ಲರೂ. ಇಂಚರ ನಗಲಿಲ್ಲ. ತಟ್ಟೆ ಕೆಳಗಿಟ್ಟು ಅಮ್ಮನ ಕೈ ಹಿಡಿದುಕೊಂಡಳು. “ನಾನು ಅಷ್ಟು ನಗ್ತೀನಾ ನಿನ್ನ ನೋಡಿ?”

“ಅಷ್ಟೇನಿಲ್ಲ,” ಅಂದರು ಜಲಜಮ್ಮ. “ಸ್ವಲ್ಪ ಜಾಸ್ತಿ.”

ಇಂಚರ ಅಮ್ಮನ ಕೈಯನ್ನು ಹಾಗೇ ಹಿಡಿದು, ಮೊದಲು ಅವರ ಲೋಟಕ್ಕೆ ಬಿಸಿಹಾಲು ತುಂಬಿಸಿ ಕೊಟ್ಟಳು. “ಸುಸು ಕುಡಿ,” ಅಂದಳು. ಅಮ್ಮ ಅವಳ ತಲೆಗೆ ಒಂದು ಮೊಟಕಿದರು. ಆಮೇಲೆ ಭುವನ್ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ಗಲ್ಲ ಮಾತ್ರ ಜಗಳಕ್ಕೆ ನಿಂತವಳ ಹಾಗೆ ಮೇಲೆದ್ದಿತ್ತು.

“ಎಲ್ಲರೂ ಕೇಳಿ! ನಿನ್ನೆ ಇವನಿಗೆ ಜೋರಾಗಿ ಬೈದೆ. ಅದಕ್ಕೆ ಇದನ್ನೂ ಜೋರಾಗೇ ಹೇಳ್ಬೇಕು. ತಪ್ಪು ನಂದು.”

‘ಇವನಿಗೆ.’ ಆ ಏಕವಚನ ಭುವನ್‌ನ ಎದೆಯಲ್ಲಿ ಬಿಸಿಯಾಗಿ ಇಳಿಯಿತು.

“ಇನ್ನೊಂದು,” ಅಂದಳು. “ಪ್ರತಿ ಶುಕ್ರವಾರ ನಾನು ದೇವರಿಗೆ ಹೂವು ಬೇಕು ಅಂತ ಬರ್ತಿದ್ನಲ್ಲ. ದೇವರಿಗೆ ಬಾಂಗ್ಸಾರಿನಲ್ಲೇ ಸಿಗುತ್ತೆ. ನಾನು ನಿನ್ನ ನೋಡೋಕೆ ಬರ್ತಿದ್ದೆ. ನೀನಂದ್ರೆ ನಂಗಿಷ್ಟ, ಭುವನ್. ನನ್ನ ಜೊತೆ ಇದ್ದುಬಿಡ್ತೀಯಾ?”

ಕನ್ನಡ ಬಾರದ ರಿಸೆಪ್ಶನ್ ಆಂಟಿಯೂ ಬಾಗಿಲಲ್ಲಿ ನಿಂತು ಬಾಯಿಗೆ ಕೈ ಹಿಡಿದಿದ್ದಳು.

“ಮಂಡಿ ಊರಯ್ಯಾ!” ಅಂತ ಅನಂತಕೃಷ್ಣ ಕೂಗಿದರು. “ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತೆ?”

ಭುವನ್ ಬಾಯಿ ತೆರೆದ. ಬಯ್ಯಲು ಅವನ ಹತ್ತಿರ ಸಾವಿರ ಮಾತಿತ್ತು, ಇದಕ್ಕೆ ಒಂದೂ ಇರಲಿಲ್ಲ. ಇನ್ನು ಒಂದು ಕ್ಷಣ ನಿಂತರೆ ಈ ಅಷ್ಟೂ ಜನರ ಮುಂದೆ ಅತ್ತೇಬಿಡುತ್ತೇನೆ ಅನ್ನಿಸಿತು. ಅವಳನ್ನು ಕಣ್ತುಂಬ ನೋಡಿ, ಸರಕ್ಕನೆ ತಿರುಗಿ, ಅಂಗಳದ ಬಾಗಿಲ ಕಡೆ ನಡೆದ.

“ಏ! ಎಲ್ಲಿಗೋ? ಕೇಳಿದ್ದಕ್ಕೆ ಉತ್ತರ ಹೇಳಿ ಹೋಗೋ!”

ಅವನು ತಿರುಗಿ ನೋಡಲಿಲ್ಲ. ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬೆಳಗಿನ ಬಿಸಿಲಿಗೆ ಇಳಿದು, ಅವಳ ಚಪ್ಪಲಿಯ ಸದ್ದು ಹಿಂದೆ ಓಡಿಬಂದು ಕೂಡಿಕೊಳ್ಳಲು ಸಾಕಾಗುವಷ್ಟು ನಿಧಾನಕ್ಕೆ ನಡೆದ.